ಕಾನೂನಿಗೆಂದು ಬರೆದ ನೋಟ್‌ಬುಕ್

ನನ್ನ ಮೇಜಿನ ಡ್ರಾಯರ್‌ನಲ್ಲಿ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ಅದರ ಜೊತೆ ಒಂದು ಲಕೋಟೆ ತುಂಬಾ ರಸೀದಿಗಳು. 2023ರ ಫೆಬ್ರವರಿಯಲ್ಲಿ ಅಮೆರಿಕದಿಂದ ಹೋಗಿ ಎಂಟು ದಿನ ನಾನು ಕ್ಯೂಬಾದಲ್ಲಿದ್ದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಜೊತೆ ಏನು ಮಾಡಿದೆ, ಯಾರಿಗೆ ಎಷ್ಟು ದುಡ್ಡು ಕೊಟ್ಟೆ ಅನ್ನುವುದೆಲ್ಲ ಅದರಲ್ಲಿದೆ. ಡೈರಿ ಬರೆಯುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ. ಅಮೆರಿಕದ ಖಜಾನೆ ಇಲಾಖೆ ಎಂದಾದರೂ ಕೇಳಿದರೆ ತೋರಿಸಬೇಕಲ್ಲ, ಅದಕ್ಕೆ ಬರೆದದ್ದು.

ಆ ನೋಟ್‌ಬುಕ್ಕಿನ ತುಂಬಾ ಪೆನ್ಸಿಲ್ಲಿನಲ್ಲಿ ತಿದ್ದಿದ ಗುರುತುಗಳಿವೆ. ಅವು ನನ್ನವಲ್ಲ. ಯಾರವು ಅಂತ ಹೇಳುವ ಮೊದಲು ಈ ಬರೆಯುವ ಕೆಲಸ ಯಾಕೆ ಬಂತು ಅಂತ ಹೇಳಬೇಕು.

ಕ್ಯೂಬಾ ತನ್ನ ಬಾಗಿಲು ಹಾಕಿಕೊಂಡಿಲ್ಲ. ಕೆನಡಾದವರು, ಯೂರೋಪಿನವರು ಟಿಕೆಟ್ ತೆಗೆದುಕೊಂಡು ಅಲ್ಲಿನ ಬೀಚುಗಳಿಗೆ ಹೋಗಿ ಬರುತ್ತಾರೆ. ತಡೆ ಇರುವುದು ಅಮೆರಿಕದ ಕಡೆಯಿಂದ. 1959ರ ಜನವರಿ 1ಕ್ಕೆ ಕ್ಯೂಬಾದಲ್ಲಿ ಫಿಡೆಲ್ ಕ್ಯಾಸ್ಟ್ರೋ ಅವರ ಕ್ರಾಂತಿ ಗೆದ್ದಿತು, ಅಲ್ಲಿದ್ದ ಅಮೆರಿಕದ ಕಂಪನಿಗಳ ಆಸ್ತಿ ರಾಷ್ಟ್ರೀಕರಣವಾಯಿತು. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಪೂರ್ತಿ ವ್ಯಾಪಾರ ನಿರ್ಬಂಧ ಹೇರಿದರು. ಅರವತ್ತು ವರ್ಷ ದಾಟಿದರೂ ಅದು ಹೋಗಿಲ್ಲ. ಪ್ರವಾಸಕ್ಕೆಂದೇ ಕ್ಯೂಬಾಗೆ ಹೋಗುವುದನ್ನು 2000ದಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿಯೇ ನಿಲ್ಲಿಸಿತು. ಈ ನಿಯಮ ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಗ್ರೀನ್ ಕಾರ್ಡ್ ಇರುವವರು ಎಲ್ಲೇ ಇದ್ದರೂ ಅವರಿಗೂ ಇದು ಅನ್ವಯ. ಅಮೆರಿಕದ ನೆಲದಲ್ಲಿರುವ ಯಾರಿಗೇ ಆದರೂ ಅನ್ವಯ, ಕೆಲಸದ ವೀಸಾದಲ್ಲಿ ಇರುವವರಿಗೂ ಸೇರಿ.

ನಾನು ಹೊರಟಾಗ ಒಬ್ಬ ಗೆಳತಿ ಹೇಳಿದಳು: "ಸುಮ್ನೆ ಯಾಕೆ ತಲೆಬಿಸಿ? ಮೆಕ್ಸಿಕೋಗೆ ಹೋಗಿ ಅಲ್ಲಿಂದ ಹೋಗು. ಯಾರಿಗೆ ಗೊತ್ತಾಗುತ್ತೆ?" ಹಾಗೆ ಹೋಗಿ ಬಂದವರು ಇದ್ದಾರೆ. ಆದರೆ ದಾರಿ ಬದಲಾದರೆ ಕಾನೂನು ಬದಲಾಗುವುದಿಲ್ಲ, ಅದು ಮನುಷ್ಯನ ಬೆನ್ನಿಗೇ ಬರುತ್ತದೆ. ಅದಕ್ಕಿಂತ ಜಾಸ್ತಿ ನನ್ನನ್ನು ತಡೆದದ್ದು ಇನ್ನೊಂದು ಯೋಚನೆ. ಒಬ್ಬರ ಮನೆಗೆ ಕದ್ದು ಹೋಗಿ, ಬಂದ ಮೇಲೆ ಬಾಯಿ ಮುಚ್ಚಿಕೊಂಡು ಇರುವುದು ಹೇಗೆ? ಅಲ್ಲಿ ಕಂಡದ್ದನ್ನು ನಾಲ್ಕು ಜನರ ಮುಂದೆ ಹೇಳುವ ಹಾಗಿರಬೇಕು ಅಂತ ನನಗಿತ್ತು. ಆದ್ದರಿಂದ ಮುಂಬಾಗಿಲಿನಿಂದಲೇ ಹೋಗಲು ಗಟ್ಟಿ ಮಾಡಿದೆ.

ಮುಂಬಾಗಿಲು ಇದೆ. ಹನ್ನೆರಡು ಬಗೆಯ ಪ್ರಯಾಣಕ್ಕೆ ಅನುಮತಿ ಇದೆ: ಕುಟುಂಬದವರನ್ನು ನೋಡಲು, ವರದಿಗಾರಿಕೆಗೆ, ಸಂಶೋಧನೆಗೆ, ಧಾರ್ಮಿಕ ಕೆಲಸಕ್ಕೆ, ಹೀಗೆ. ಅರ್ಜಿ ಹಾಕಿ ಕಾಯಬೇಕಾಗಿಲ್ಲ. ಯಾವ ಬಗೆ ಅಂತ ಹೇಳಿ, ಅದರ ಷರತ್ತುಗಳನ್ನು ನಿಜವಾಗಿ ಪಾಲಿಸಿ, ದಾಖಲೆ ಇಟ್ಟುಕೊಳ್ಳಬೇಕು. ಒಬ್ಬಂಟಿಯಾಗಿ ಹೋಗುವವರು ಹೆಚ್ಚಾಗಿ ಆರಿಸಿಕೊಳ್ಳುವುದು 'ಕ್ಯೂಬಾದ ಜನರಿಗೆ ಬೆಂಬಲ' ಅನ್ನುವ ಬಗೆ. ನಾನೂ ಅದನ್ನೇ ಗುರುತು ಹಾಕಿದೆ.

ಆ ನಿಯಮವನ್ನು ನಾನು ಕೂತು ಓದಿದೆ. ಓದಿದ ಮೇಲೆ ಪ್ರವಾಸದ ರೂಪವೇ ಬದಲಾಯಿತು. ದಿನಪೂರ್ತಿ ತುಂಬುವಂಥ ಕಾರ್ಯಕ್ರಮ ಇರಬೇಕು. ಅಲ್ಲಿನ ಜನರ ಜೊತೆ ಅರ್ಥವುಳ್ಳ ಒಡನಾಟ ಆಗಬೇಕು. ಖಾಸಗಿ ಮನೆಯಲ್ಲಿ ತಂಗುವುದು, ಖಾಸಗಿ ಊಟದ ಮನೆಯಲ್ಲಿ ಉಣ್ಣುವುದು, ಸ್ವಂತ ಅಂಗಡಿ ನಡೆಸುವವರಿಂದ ಕೊಳ್ಳುವುದು ಒಳ್ಳೆಯದು, ಆದರೆ ಅಷ್ಟೇ ಸಾಲದು. ನಿಯಮದಲ್ಲೇ ಒಂದು ಉದಾಹರಣೆ ಇದೆ: ಒಬ್ಬರು ಬಾಡಿಗೆ ಸೈಕಲ್ ತೆಗೆದುಕೊಂಡು ಬೀದಿ, ಬೀಚು ಸುತ್ತುತ್ತಾರೆ, ಬೀಚಿನ ವ್ಯಾಪಾರಿಗಳ ಜೊತೆ ಎರಡು ಮಾತಾಡುತ್ತಾರೆ. ಇದು ಬೆಂಬಲ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಕ್ಯೂಬಾ ಸೈನ್ಯದ ಒಡೆತನದ, ವ್ಯವಹಾರ ಮಾಡಬಾರದ ಸಂಸ್ಥೆಗಳ ಒಂದು ಪಟ್ಟಿ ಇದೆ, ಉಳಿದುಕೊಳ್ಳಬಾರದ ಹೋಟೆಲುಗಳ ಇನ್ನೊಂದು ಪಟ್ಟಿ 2020ರಿಂದ ಇದೆ. ದಾಖಲೆಗಳನ್ನು ಆಗ 5 ವರ್ಷ ಇಟ್ಟುಕೊಳ್ಳಬೇಕಿತ್ತು. 2025ರ ಮಾರ್ಚ್‌ನಿಂದ ಅದು 10 ವರ್ಷ. ಈ ನಿಯಮಗಳು ಅಧ್ಯಕ್ಷರು ಬದಲಾದ ಹಾಗೆ ಬದಲಾಗುತ್ತವೆ. ಹೋಗುವವರು ಹಳೆಯ ಮಾತು ನಂಬದೆ, ಹೊರಡುವ ವಾರ ಖಜಾನೆ ಇಲಾಖೆಯ ನಿಯಮವನ್ನೇ ಓದಿಕೊಳ್ಳಬೇಕು.

ಇನ್ನೊಂದು ಮಾತು. ಅಮೆರಿಕದ ಬ್ಯಾಂಕ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಎಂಟು ದಿನಕ್ಕೆ ಬೇಕಾದ ದುಡ್ಡೆಲ್ಲ ನೋಟಿನಲ್ಲೇ ಒಯ್ಯಬೇಕು. ಸೊಂಟದ ಚೀಲದಲ್ಲಿ ಡಾಲರು, ದೊಡ್ಡ ಸೂಟ್‌ಕೇಸಿನಲ್ಲಿ ಪ್ಯಾರಾಸಿಟಮಾಲ್, ಬ್ಯಾಂಡೇಜು, ಓದುವ ಕನ್ನಡಕ, ಸೋಪು. ಔಷಧಿ, ತಿನ್ನುವ ವಸ್ತು, ಸೋಪು ತಂದರೆ ಸುಂಕ ಇಲ್ಲ ಅಂತ ಕ್ಯೂಬಾ 2021ರಲ್ಲಿ ಹೇಳಿತ್ತು. ಅಂದರೆ ಅಲ್ಲಿ ಅವು ಎಷ್ಟು ಸಿಗದೆ ಹೋಗಿದ್ದವು ಅಂತ ನಾನು ಹೊರಡುವ ಮೊದಲೇ ಊಹಿಸಬಹುದಿತ್ತು.

ಮಯಾಮಿಯಿಂದ ಕ್ಯೂಬಾದ ರಾಜಧಾನಿ ಹವಾನಾಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಫ್ಲಾರಿಡಾದ ತುದಿಯಿಂದ ಕ್ಯೂಬಾದ ದಡ 145 ಕಿಲೋಮೀಟರ್ ಅಷ್ಟೆ. ವಿಮಾನದಲ್ಲಿ ಇದ್ದವರಲ್ಲಿ ಹೆಚ್ಚಿನವರು ಮನೆಗೆ ಹೋಗುತ್ತಿದ್ದ ಕ್ಯೂಬನ್ನರು. ಒಬ್ಬೊಬ್ಬರ ಬಳಿ ಮೂರು ನಾಲ್ಕು ಗಂಟು. ಚಕ್ರ ನೆಲ ಮುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಾನು ಉಳಿದ ಮನೆ ಸೆಂಟ್ರೋ ಹವಾನಾದಲ್ಲಿತ್ತು. ಬಾಗಿಲ ಮೇಲೆ ತಲೆಕೆಳಗಾದ ಲಂಗರಿನ ಹಾಗೆ ಕಾಣುವ ನೀಲಿ ಗುರುತು. ಈ ಮನೆಯವರು ವಿದೇಶಿಯರಿಗೆ ಕೋಣೆ ಬಾಡಿಗೆಗೆ ಕೊಡಲು ಪರವಾನಗಿ ಪಡೆದವರು ಅಂತ ಅರ್ಥ. ಇಂಥ ಮನೆಯನ್ನು 'ಕಾಸಾ ಪಾರ್ತಿಕುಲಾರ್' ಅನ್ನುತ್ತಾರೆ. ದಿನಕ್ಕೆ 30 ಡಾಲರ್. ಮನೆಯೊಡತಿಗೆ 76 ವರ್ಷ. ಮಗ ಸ್ಪೇನಿನಲ್ಲಿ, ಮೊಮ್ಮಗ ಇವರ ಜೊತೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಓಣಿಯಲ್ಲಿ ಎಲ್ಲರೂ ಅವರನ್ನು 'ಮಾಯೆಸ್ತ್ರಾ' ಅನ್ನುತ್ತಿದ್ದರು. ಪ್ರಾಥಮಿಕ ಶಾಲೆಯ ಟೀಚರಮ್ಮ. ನಾನೂ ಹಾಗೇ ಕರೆದೆ. ಅವರು ನನ್ನನ್ನು ಮೊದಲ ದಿನದಿಂದಲೇ 'ಮಿಹಾ' ಅಂದರು. ಮಗಳೇ ಅಂತ.

ಮೊದಲ ಬೆಳಿಗ್ಗೆ ಕಾಫಿ ಕೊಟ್ಟರು. ಪುಟ್ಟ ಲೋಟ, ಕಡುಕಪ್ಪು, ಸಕ್ಕರೆ ಜಾಸ್ತಿ. ಕಾಫಿಯ ಹಿಂದೆ ಇನ್ನೊಂದು ರುಚಿ ಇತ್ತು, ಹುರಿದ ಕಾಳಿನದು. ನಾನು ಲೋಟವನ್ನು ನೋಡಿದ್ದು ಕಂಡು ಅವರೇ ಹೇಳಿದರು. ಪಡಿತರದ ಕಾಫಿಪುಡಿಗೆ ಹುರಿದ ಬಟಾಣಿ ಬೆರೆಸಿರುತ್ತಾರೆ. ಬಟಾಣಿ ಜಾಸ್ತಿಯಾದರೆ ಕಾಫಿ ಮಾಡುವ ಪಾತ್ರೆಯ ಜಾಲರಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಅವರು ಕಣ್ಣು ತೆಗೆಯದೆ ಒಲೆಯ ಮುಂದೆ ನಿಂತಿರುತ್ತಾರೆ. ಮೊದಲು ಬರುವ ನಾಲ್ಕೈದು ಹನಿಗೆ ಸಕ್ಕರೆ ಹಾಕಿ ಚಮಚದಲ್ಲಿ ಬಡಿಯುತ್ತಾರೆ. ಅದು ಬೆಳ್ಳಗೆ ನೊರೆಯಾದ ಮೇಲೆ ಉಳಿದ ಕಾಫಿ ಸುರಿಯುತ್ತಾರೆ. ಮೂರನೇ ದಿನಕ್ಕೆ ಆ ಬಡಿಯುವ ಕೆಲಸ ನನ್ನ ಕೈಗೆ ಬಂತು.

ಸಂಜೆ ಊಟದ ಮೇಜಿನಲ್ಲಿ ಕೂತು ನಾನು ನೋಟ್‌ಬುಕ್ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲೇ, ಆದರೆ ಜಾಗ, ತಿಂಡಿ, ಕೆಲಸಗಳ ಹೆಸರು ಸ್ಪ್ಯಾನಿಷಿನಲ್ಲಿ. ಮಾಯೆಸ್ತ್ರಾ ಒಂದು ದಿನ ಏನು ಬರೆಯುತ್ತಿದ್ದೀ ಅಂತ ಕೇಳಿದರು. ಯಾಕೆ ಬರೆಯಬೇಕು ಅಂತಲೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮೊಮ್ಮಗನ ಪೆನ್ಸಿಲ್ ತರಿಸಿದರು. "ಸರ್ಕಾರಕ್ಕೆ ಕೊಡುವ ಕಾಗದದಲ್ಲಿ ಕಾಗುಣಿತ ತಪ್ಪಿರಬಾರದು" ಅಂತ ನನ್ನ ಸ್ಪ್ಯಾನಿಷ್ ಪದಗಳನ್ನು ಒಂದೊಂದಾಗಿ ತಿದ್ದಿದರು. ಅವತ್ತಿನಿಂದ ದಿನಾ ರಾತ್ರಿ ಅದೇ ಕೆಲಸ. ಅವರಿಗೆ ಅದರಲ್ಲಿ ಎಷ್ಟು ಶ್ರದ್ಧೆ! ಅಕ್ಷರದ ಮೇಲಿನ ಗೀಟು ಬಿಟ್ಟುಹೋಗಿದ್ದರೂ ಬಿಡುತ್ತಿರಲಿಲ್ಲ.

ನಾಲ್ಕನೇ ದಿನ ಅವರ ಜೊತೆ ಬ್ರೆಡ್ ತರಲು ಹೋದೆ. ಕ್ಯೂಬಾದಲ್ಲಿ 1962ರಿಂದ ಪಡಿತರ ಪುಸ್ತಕ ಇದೆ, 'ಲಿಬ್ರೆತಾ' ಅಂತ. ನಾನು ಹೋದಾಗ ತಲೆಗೆ ದಿನಕ್ಕೆ ಒಂದು ಪುಟ್ಟ ಬ್ರೆಡ್ಡು ಸಿಗುತ್ತಿತ್ತು, 80 ಗ್ರಾಮಿನದು. ಅಂಗಡಿ ಮುಂದೆ ಇಪ್ಪತ್ತು ಮೂವತ್ತು ಜನ ಇದ್ದರು, ಆದರೆ ಸಾಲು ಇರಲಿಲ್ಲ. ಒಬ್ಬರು ಮೆಟ್ಟಿಲ ಮೇಲೆ, ಇಬ್ಬರು ಮರದ ನೆರಳಲ್ಲಿ, ಒಬ್ಬಾಕೆ ಎದುರು ಬಾಗಿಲಲ್ಲಿ ಹರಟುತ್ತಾ. ನನಗೆ ಗೊಂದಲ. ಮಾಯೆಸ್ತ್ರಾ ದನಿ ಎತ್ತಿ ಕೇಳಿದರು: "ಎಲ್ ಉಲ್ತಿಮೋ?" ಕೊನೆಯವರು ಯಾರು? ನೆರಳಲ್ಲಿದ್ದ ಒಬ್ಬ ಬೆರಳೆತ್ತಿದ. "ನೀನು ಯಾರ ಹಿಂದೆ?" ಅಂತ ಅವನನ್ನು ಕೇಳಿದರು. ಅವನು ಹಸಿರು ಅಂಗಿಯ ಹೆಂಗಸನ್ನು ತೋರಿಸಿದ. ಅಷ್ಟೆ, ಮಾಯೆಸ್ತ್ರಾ ಹೋಗಿ ಮೆಟ್ಟಿಲ ಮೇಲೆ ಕೂತರು. ಎರಡು ನಿಮಿಷಕ್ಕೆ ಇನ್ನೊಬ್ಬ ಬಂದು "ಎಲ್ ಉಲ್ತಿಮೋ?" ಅಂದ. ಇವರು ಬೆರಳೆತ್ತಿದರು.

ನನ್ನ ಮುಂದಿನವರು ಯಾರು, ಅವರ ಮುಂದಿನವರು ಯಾರು, ಇಷ್ಟು ನೆನಪಿದ್ದರೆ ಸಾಕು. ಮುಂದಿನವರು ಬೇಸತ್ತು ಮನೆಗೆ ಹೋದರೂ ಎಳೆ ತಪ್ಪುವುದಿಲ್ಲ. ಸಾಲು ಇರುವುದು ಜನರ ತಲೆಯೊಳಗೆ. ಮುಕ್ಕಾಲು ಗಂಟೆ ಕೂತಿದ್ದೆವು. ಒಬ್ಬರೂ ನುಗ್ಗಲಿಲ್ಲ. ಇದು ಚಂದ ಅಂತ ಹೇಳಲು ನನಗೆ ಮನಸ್ಸಾಗುವುದಿಲ್ಲ. ಒಂದು ಬ್ರೆಡ್ಡಿಗೆ ಮುಕ್ಕಾಲು ಗಂಟೆ ಕೂರುವುದು ಯಾರಿಗೂ ಬರಬಾರದ ಕಷ್ಟ. ಆದರೆ ಕಷ್ಟದ ಮಧ್ಯೆ ಒಬ್ಬರನ್ನೊಬ್ಬರು ನೆನಪಿಟ್ಟುಕೊಳ್ಳುವ ಈ ರೀತಿಯನ್ನು ನಾನು ಮರೆತಿಲ್ಲ. ಅದು ಸರ್ಕಾರದ ಅಂಗಡಿ, ನಾನು ಏನೂ ಕೊಳ್ಳಲಿಲ್ಲ. ನೋಟ್‌ಬುಕ್ಕಿನಲ್ಲಿ 'ಬ್ರೆಡ್ ಅಂಗಡಿ, 45 ನಿಮಿಷ, ನೆರೆಯವರ ಜೊತೆ ಮಾತು' ಅಂತಿದೆ.

ಊಟ ಹೊರಗೆ ಮಾಡಿದಾಗ 'ಪಾಲದಾರ್'ಗಳಲ್ಲಿ. ಮನೆಯವರೇ ನಡೆಸುವ ಊಟದ ಮನೆಗಳಿವು. ಸೋವಿಯತ್ ಒಕ್ಕೂಟ ಒಡೆದು ಕ್ಯೂಬಾ ಹಸಿವಿಗೆ ಬಿದ್ದಾಗ, 90ರ ದಶಕದ ನಡುವಲ್ಲಿ ಇವಕ್ಕೆ ಅನುಮತಿ ಸಿಕ್ಕಿತು. ಮೊದಲು 12 ಕುರ್ಚಿ ಮೀರುವ ಹಾಗಿರಲಿಲ್ಲ. ಹೆಸರು ಬಂದದ್ದು ಆಗ ಟೀವಿಯಲ್ಲಿ ಬರುತ್ತಿದ್ದ ಬ್ರೆಜಿಲ್‌ನ ಒಂದು ಧಾರಾವಾಹಿಯಿಂದ. ಅದರ ನಾಯಕಿ ಊಟ ಮಾರಿ ಬದುಕು ಕಟ್ಟಿಕೊಳ್ಳುತ್ತಾಳೆ, ಅವಳ ಹೋಟೆಲಿನ ಹೆಸರು ಪಾಲದಾರ್.

ಭಾನುವಾರ ಮಧ್ಯಾಹ್ನ ಕಾಯೆಹೋನ್ ದೆ ಆಮೆಲ್ ಅನ್ನುವ ಗಲ್ಲಿಗೆ ಹೋದೆ. ಗೋಡೆಗಳ ತುಂಬಾ ಸಾಲ್ವದೋರ್ ಗೊನ್ಸಾಲೆಸ್ ಅನ್ನುವ ಕಲಾವಿದ ಬಿಡಿಸಿದ ಚಿತ್ರಗಳು. ಅಲ್ಲಿ ರುಂಬಾ ನಡೆಯುತ್ತದೆ. ಹವಾನಾ, ಮತಾನ್ಸಾಸ್ ಬಂದರುಗಳಲ್ಲಿ ದುಡಿದ ಆಫ್ರಿಕಾ ಮೂಲದವರ ಹಾಡು, ಕುಣಿತ ಅದು. ಚರ್ಮದ ವಾದ್ಯ ಇಲ್ಲದಾಗ ಮೀನು ತುಂಬಿ ಬಂದ ಮರದ ಪೆಟ್ಟಿಗೆ ಬಡಿದು ಹಾಡಿದರಂತೆ. 2016ರಲ್ಲಿ ಯುನೆಸ್ಕೋ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಕಿಕ್ಕಿರಿದಿದ್ದರು, ನನಗೆ ಅರ್ಧವೂ ಅರ್ಥವಾಗಲಿಲ್ಲ. ಅರ್ಥವಾದದ್ದು ಮರುದಿನ, ಒಬ್ಬ ಖಾಸಗಿ ನೃತ್ಯ ಶಿಕ್ಷಕಿಯ ಮನೆಯ ನಡುಮನೆಯಲ್ಲಿ. ಅವರು ಹೆಜ್ಜೆ ಹೇಳಿಕೊಡಲಿಲ್ಲ. ಎರಡು ಮರದ ತುಂಡು ಕೈಗೆ ಕೊಟ್ಟರು. 'ಕ್ಲಾವೇ' ಅಂತ ಅದರ ಹೆಸರು. ಐದು ಪೆಟ್ಟು, ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ. ಒಂದು ಗಂಟೆ ಅದೇ. ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಒಂದು ತುಂಡನ್ನು ಹಗುರವಾಗಿ ಇಟ್ಟರೆ ಮಾತ್ರ ಅದು ಗಣ್ ಅನ್ನುತ್ತದೆ. ಬಿಗಿಯಾಗಿ ಹಿಡಿದರೆ ಸದ್ದು ಸತ್ತುಹೋಗುತ್ತದೆ. ಇದು ಕೈಗೆ ಹತ್ತಿದ ಮೇಲೆ ಓಣಿಯ ಪ್ರತಿ ರೇಡಿಯೋದಲ್ಲೂ ಆ ಐದು ಪೆಟ್ಟು ಕೇಳತೊಡಗಿತು.

ಒಂದು ದಿನ ಹಂಚಿಕೊಂಡ ಟ್ಯಾಕ್ಸಿಯಲ್ಲಿ ವಿನ್ಯಾಲೆಸ್ ಕಣಿವೆಗೆ ಹೋದೆ. ಹವಾನಾದಿಂದ ಸುಮಾರು 180 ಕಿಲೋಮೀಟರ್. ಕೆಂಪು ಮಣ್ಣು, ನಡುವೆ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು, ಎತ್ತಿನ ಉಳುಮೆ. ಹಿಂದಿನ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಆ ಸೀಮೆಯ ತಂಬಾಕು ಒಣಗಿಸುವ ಮನೆಗಳನ್ನು ಸಾವಿರಗಟ್ಟಲೆ ಉರುಳಿಸಿತ್ತು. ನಾನು ಹೋದ ರೈತರ ಮನೆಯಲ್ಲಿ ಹಳೆಯ ಮರಕ್ಕೆ ಹೊಸ ಮರ ಸೇರಿಸಿ ಮತ್ತೆ ನಿಲ್ಲಿಸಿದ್ದರು. ಬೆಳೆದ ತಂಬಾಕಿನಲ್ಲಿ ನೂರಕ್ಕೆ ತೊಂಬತ್ತು ಭಾಗ ಸರ್ಕಾರಕ್ಕೆ, ಅದು ಹೇಳಿದ ಬೆಲೆಗೆ. ಉಳಿದ ಹತ್ತು ಅವರದು. ಅವರು ಸುತ್ತಿದ ನಾಲ್ಕು ಚುರುಟನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಕೊಟ್ಟರು. ಕ್ಯೂಬಾದ ತಂಬಾಕನ್ನು ಅಮೆರಿಕಕ್ಕೆ ತರುವ ಹಾಗಿಲ್ಲ, 2020ರಿಂದ. ಕಾರಣ ಹೇಳಿದೆ. ಅವರು ಬೇಜಾರಾಗಲಿಲ್ಲ, ಆದರೆ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ಕೊನೆಗೆ ಅದನ್ನು ಟ್ಯಾಕ್ಸಿಯಲ್ಲಿದ್ದ ಅವರ ಊರಿನ ಒಬ್ಬ ಅಜ್ಜನಿಗೆ ಕೊಡುವುದು ಅಂತ ಇಬ್ಬರೂ ಒಪ್ಪಿದೆವು.

ನಾನು ಇದ್ದ ವಾರ ಹವಾನಾದಲ್ಲಿ ಎಲ್ಲರ ಬಾಯಲ್ಲೂ ಒಂದು ಇಂಗ್ಲಿಷ್ ಪದ: 'ಪರೋಲ್'. ಅಮೆರಿಕದಲ್ಲಿ ಯಾರಾದರೂ ಜವಾಬ್ದಾರಿ ಹೊತ್ತರೆ ಎರಡು ವರ್ಷಕ್ಕೆ ಅಲ್ಲಿಗೆ ಹೋಗಬಹುದಾಗಿದ್ದ ಯೋಜನೆ. ಹಿಂದಿನ ತಿಂಗಳಷ್ಟೇ ಕ್ಯೂಬನ್ನರಿಗೆ ತೆರೆದಿತ್ತು, 2025ರಲ್ಲಿ ನಿಂತುಹೋಯಿತು. ನಾನು ದಿನಾ ಒಂದು ಗಂಟೆ ಒಂದು ಖಾಸಗಿ ಇಂಗ್ಲಿಷ್ ತರಗತಿಗೆ ಮಾತಾಡಿಸಲು ಹೋಗುತ್ತಿದ್ದೆ. ಅಲ್ಲಿದ್ದ ಒಂಬತ್ತು ಜನರಲ್ಲಿ ಏಳು ಜನ ಹೊರಡುವ ಯೋಚನೆಯಲ್ಲಿದ್ದರು. ಒಬ್ಬ ದಂತವೈದ್ಯೆ, ಒಬ್ಬ ವೆಲ್ಡರ್, ಇಬ್ಬರು ನರ್ಸು. 2013ರ ಜನವರಿಯವರೆಗೆ ಇವರ ದೇಶ ಬಿಡಲು ಇವರದೇ ಸರ್ಕಾರದ ಅನುಮತಿ ಪತ್ರ ಬೇಕಿತ್ತು. ಈಗ ಅದು ಬೇಡ. ಬೇಕಾದದ್ದು ಒಳಗೆ ಬಿಟ್ಟುಕೊಳ್ಳುವ ಒಂದು ದೇಶ.

ಅಲ್ಲಿ ಕೂತಾಗ ನನ್ನ ಎದೆ ಭಾರವಾಯಿತು. ನಿರ್ಬಂಧ ಇರುವ ದೇಶಕ್ಕೆ ಹೋಗುತ್ತೇನೆ ಅಂತ ನಾನು ತಿಂಗಳುಗಟ್ಟಲೆ ನಿಯಮ ಓದಿದ್ದೆ. ನನ್ನ ನಿರ್ಬಂಧ ಎಂದರೆ ಒಂದು ನೋಟ್‌ಬುಕ್, ಒಂದಿಷ್ಟು ರಸೀದಿ, ಬೀಚಿಗೆ ಹೋಗದೆ ಇರುವುದು. ಅವರದು ಹುಟ್ಟಿದಾಗಿನಿಂದ ಇದೆ, ಅದೂ ಎರಡೂ ಕಡೆಯಿಂದ. ಅಮೆರಿಕದ ನಿರ್ಬಂಧವನ್ನು ಅವರು 'ಬ್ಲೊಕೇಓ' ಅನ್ನುತ್ತಾರೆ, ಮುತ್ತಿಗೆ. ಅದನ್ನು ತೆಗೆಯಿರಿ ಅಂತ ವಿಶ್ವಸಂಸ್ಥೆ 1992ರಿಂದ ಹೇಳುತ್ತಲೇ ಇದೆ. 2022ರಲ್ಲಿ 185 ದೇಶಗಳು ಹಾಗೆ ಮತ ಹಾಕಿದವು, ಬೇಡ ಅಂದದ್ದು ಅಮೆರಿಕ ಮತ್ತು ಇಸ್ರೇಲ್ ಎರಡೇ. ಆದರೆ 2021ರ ಜುಲೈ 11ರಂದು ಊಟಕ್ಕೆ, ಔಷಧಿಗೆ, ಸ್ವಾತಂತ್ರ್ಯಕ್ಕೆ ಅಂತ ಬೀದಿಗಿಳಿದವರನ್ನು ಜೈಲಿಗೆ ಹಾಕಿದ್ದು ಅವರದೇ ಸರ್ಕಾರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತೇವಲ್ಲ, ಇಲ್ಲಿ ಒಂದು ಕೋಟಿ ಜನ ಬಡವಾಗಿದ್ದಾರೆ. ನಿಯಮದ ಪ್ರಕಾರ ನಾನು ಅವರಿಗೆ ಬೆಂಬಲ ಕೊಡಲು ಹೋದವಳು. ಕೊಟ್ಟೆ ಕೂಡ, ಬಾಡಿಗೆ, ಊಟ, ಪಾಠದ ಫೀಸು ಎಲ್ಲ ನೇರ ಅವರ ಕೈಗೆ. ಅದು ಅವರಿಗೆ ನಿಜವಾಗಿ ಬೇಕಿತ್ತು. ಹಾಗೆಂದು ಅದೇ ದೊಡ್ಡ ಉಪಕಾರ ಅಂತ ನಾನು ಅಂದುಕೊಳ್ಳಲಾರೆ.

ಕೊನೆಯ ರಾತ್ರಿ ಎಂಟಕ್ಕೆ ಕರೆಂಟು ಹೋಯಿತು. ಓಣಿಯಿಡೀ ಒಂದೇ ದನಿಯಲ್ಲಿ ಹೋ ಅಂದಿತು, ಆಮೇಲೆ ಬಾಗಿಲುಗಳು ತೆರೆದು ಕುರ್ಚಿಗಳು ಹೊರಗೆ ಬಂದವು. ಮಾಯೆಸ್ತ್ರಾ ಚಾರ್ಜಿನ ದೀಪ ತಂದು ಮೇಜಿನ ಮೇಲಿಟ್ಟರು. ಅವತ್ತು ಅವರು ಹೇಳಿದ್ದು ಇನ್ನೊಂದು ದೀಪದ ಕಥೆ.

1961ರಲ್ಲಿ ಕ್ಯೂಬಾದಲ್ಲಿ ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಆ ವರ್ಷ ಶಾಲೆ ಮುಚ್ಚಿ ಸುಮಾರು ಒಂದು ಲಕ್ಷ ಹುಡುಗ ಹುಡುಗಿಯರನ್ನು ಹಳ್ಳಿಗಳಿಗೆ ಪಾಠ ಹೇಳಲು ಕಳಿಸಿದರು. ಆಗ ಮಾಯೆಸ್ತ್ರಾಗೆ 14. ಒಂದು ಜೋಲಿ ಹಾಸಿಗೆ, ಕಂಬಳಿ, ಎರಡು ಪುಸ್ತಕ, ಒಂದು ಸೀಮೆಎಣ್ಣೆ ಲಾಟೀನು ಕೊಟ್ಟರಂತೆ. ಹಗಲು ಆ ರೈತರ ಜೊತೆ ಹೊಲದಲ್ಲಿ ಕೆಲಸ, ರಾತ್ರಿ ಲಾಟೀನಿನ ಬೆಳಕಲ್ಲಿ ಪಾಠ. ಅವರು ಉಳಿದಿದ್ದ ಮನೆಯ ಯಜಮಾನನಿಗೆ ಐವತ್ತರ ಹತ್ತಿರ ವಯಸ್ಸು. ಕಬ್ಬು ಕಡಿದು ಕಡಿದು ಅವನ ಬೆರಳು ಪೆನ್ಸಿಲ್ಲಿಗೆ ಬಾಗುತ್ತಲೇ ಇರಲಿಲ್ಲ. ಮೂರು ಪೆನ್ಸಿಲ್ ಮುರಿದ. "ನಾನು ಅವನ ಮುಷ್ಟಿಯನ್ನೇ ಎರಡೂ ಕೈಯಲ್ಲಿ ಹಿಡಿದು ಬರೆಸಿದೆ" ಅಂತ ತಮ್ಮ ಕೈ ತೋರಿಸಿದರು. ಪಾಠ ಮುಗಿದಾಗ ಪ್ರತಿಯೊಬ್ಬರೂ ಫಿಡೆಲ್‌ಗೆ ಒಂದು ಪತ್ರ ಬರೆಯಬೇಕಿತ್ತು, ಅದೇ ಪರೀಕ್ಷೆ. ಏಳು ಲಕ್ಷಕ್ಕೂ ಜಾಸ್ತಿ ಜನ ಬರೆದರು. ಆ ಪತ್ರಗಳು ಹವಾನಾದ ಒಂದು ಮ್ಯೂಸಿಯಮ್ಮಿನಲ್ಲಿ ಇವತ್ತೂ ಇವೆ. ಡಿಸೆಂಬರ್ 22ಕ್ಕೆ ಕ್ಯೂಬಾ ಅನಕ್ಷರತೆ ಮುಗಿಯಿತು ಅಂತ ಸಾರಿತು, ಅದು ಈಗಲೂ ಅಲ್ಲಿ ಶಿಕ್ಷಕರ ದಿನ. "ಆಮೇಲೆ ನಡೆದದ್ದೆಲ್ಲ ನನಗೆ ಇಷ್ಟ ಅಂತಲ್ಲ ಮಿಹಾ" ಅಂದರು. "ಆದರೆ ಆ ಮನುಷ್ಯ ತನ್ನ ಹೆಸರು ತಾನೇ ಬರೆದ. ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವಂತಿಲ್ಲ."

ಆಮೇಲೆ ಎಂದಿನಂತೆ ನೋಟ್‌ಬುಕ್ ತಿದ್ದಲು ಕೂತರು. ಒಂದು ಪುಟದ ಅಂಚಿನಲ್ಲಿ ನಾನು ಅವಸರಕ್ಕೆ ಕನ್ನಡದಲ್ಲಿ ಗೀಚಿದ್ದು ಕಂಡಿತು. ಇದು ಯಾವ ಅಕ್ಷರ ಅಂತ ಕೇಳಿದರು. ಖಾಲಿ ಹಾಳೆಯಲ್ಲಿ ದೊಡ್ಡದಾಗಿ 'ಅ' ಬರೆದು ತೋರಿಸಿದೆ. ಅವರು ಮೊದಲು ಬೆರಳಿನಲ್ಲಿ ಅದರ ಮೇಲೆ ತಿದ್ದಿದರು. ಮೂರು ಸಲ. "ಬಸವನಹುಳದ ಹಾಗೆ ಒಳಗಿಂದ ಶುರುವಾಗುತ್ತದೆ" ಅಂದರು. ಪೆನ್ಸಿಲ್ ಹಿಡಿದರು. ಅವರದು ಎಷ್ಟು ಅಚ್ಚುಕಟ್ಟಾದ ಕೈಬರಹ, ಆದರೆ ನಮ್ಮ 'ಅ' ಮುಂದೆ ಆ ಕೈ ನಡುಗಿತು. ಸುರುಳಿ ಹೊಟ್ಟೆ ದೊಡ್ಡದಾಗಿ ಬಾಲ ಕೆಳಗೆ ಬಿತ್ತು. ಅಳಿಸಿದರು. ಮತ್ತೆ ಬರೆದರು. ನಾನು ಏನೂ ಯೋಚಿಸದೆ ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ಬರೆಸಿದೆ. ಒಂಬತ್ತೂವರೆಗೆ ಅವರ ಹೆಸರು ಕನ್ನಡದಲ್ಲಿ ಆ ಹಾಳೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ವಿಮಾನ. ಕಾಫಿ ಕುಡಿಯುತ್ತಾ ಕೊನೆಯ ಸಾಲು ಬರೆದೆ: '8ರಿಂದ 9.30, ಮಾಯೆಸ್ತ್ರಾ ಜೊತೆ ಕನ್ನಡ ಅಕ್ಷರ'. ಅವರು ಕನ್ನಡಕ ಹಾಕಿಕೊಂಡು ಓದಿದರು. ಪೆನ್ಸಿಲ್ ತೆಗೆದುಕೊಂಡು 'ಮಾಯೆಸ್ತ್ರಾ' ಅನ್ನುವುದನ್ನು ಒಂದು ನೇರ ಗೆರೆ ಎಳೆದು ಹೊಡೆದು ಹಾಕಿದರು. ಅದರ ಮೇಲೆ ಚಂದದ ಅಕ್ಷರದಲ್ಲಿ 'ಅಲುಮ್ನಾ' ಅಂತ ಬರೆದರು. ವಿದ್ಯಾರ್ಥಿನಿ. ಪಕ್ಕದಲ್ಲಿ ವಯಸ್ಸೂ ಸೇರಿಸಿದರು, 76.